ಲೋಕೋಪಕಾರಿ ಹಾಫ್ಕಿನ್ ಮಹಾಶಯರು

ಕ್ಷೀರಸಮುದ್ರವನ್ನು ಕಡೆದಾಗ ಹುಟ್ಟಿದ ಹಾಲಾಹಲವನ್ನು ಲೋಕರಕ್ಷಣಾರ್ಥವಾಗಿ ಪರಶಿವನು ತನ್ನ ಕಂಠದಲ್ಲಿ ಧರಿಸಿದನೆಂಬ ಕಥೆಯನ್ನು ಅರಿಯದ ಶಿವಭಕ್ತರಿಲ್ಲ. ಪರರ ಪ್ರಾಣವನ್ನುಳಿಸುವುದಕ್ಕಾಗಿ ವಿಷವನ್ನು ಮೊದಲು ತಮ್ಮ ಮೈಗೆ ತಾವೇ ಸೇರಿಸಿಕೊಂಡ ಮನುಷ್ಯರಾದರೋ ಚರಿತ್ರೆಯಲ್ಲಿ ಅತಿ ವಿರಳ. ಅಂತಹ ವಿರಳರಲ್ಲಿ ಒಬ್ಬರು ವಾಲ್ಡೆಮಾರ್ ಹಾಫ್ಕಿನ್ ಮಹಾಶಯರು. ಅವರು ಹುಟ್ಟಿದುದು ರಷ್ಯಾ ಸಾಮ್ರಾಜ್ಯದಲ್ಲಿ. ಅವರ ಮತವು ಯೆಹೂದ್ಯಮತ. ಅವರ ವಿದ್ಯೆಯು ಪಕ್ವವಾದುದು ಪ್ಯಾರಿಸ್ ನಗರದಲ್ಲಿ. ಆದರೆ ಅವರ ಕಾಯಕವು ಫಲಿಸಿದುದು ಭರತಖಂಡದಲ್ಲಿ. ಕನ್ನಡ ನಾಡಿನ ಹುಬ್ಬಳ್ಳಿಯು ಆ ಕಾಯಕದ ಒಂದು ಮುಖ್ಯ ಕ್ಷೇತ್ರವಾಗಿದ್ದಿತು. ಒಬ್ಬ ಪರದೇಶದ ಪಂಡಿತನು ಸಾವಿರಾರು ಮಂದಿ ಅಪರಿಚಿತರ ನಂಬಿಕೆಯನ್ನು ಹೇಗೆ ಪಡೆದನು, ಆ ನಂಬಿಕೆಯು ಒಂದು ದಿನದಲ್ಲಿ ಹೇಗೆ ಕುಸಿಯಿತು, ಅದರ ನೋವನ್ನು ಅವನು ಹೇಗೆ ನುಂಗಿದನು ಎಂಬುದೇ ಈ ಚರಿತ್ರೆಯ ಸಾರವು.

ಹಾಫ್ಕಿನ್ನರು 1860ನೆಯ ಇಸವಿ ಮಾರ್ಚ್ 15ರಂದು ಕಪ್ಪು ಸಮುದ್ರದ ದಡದಲ್ಲಿರುವ ಒಡೆಸ್ಸಾ ನಗರದಲ್ಲಿ ಜನಿಸಿದರು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರವನ್ನು ಅಭ್ಯಸಿಸುವಾಗ ಮೆಚ್ನಿಕಾಫ್ ಎಂಬ ಮಹಾವಿದ್ವಾಂಸರು ಅವರಿಗೆ ಗುರುಗಳಾಗಿ ದೊರೆತರು. ಆ ಕಾಲದಲ್ಲಿ ರಷ್ಯಾದೊಳಗೆ ಯೆಹೂದ್ಯರ ಬಾಳು ಕಷ್ಟಮಯವಾಗಿದ್ದಿತು. 1881ರಲ್ಲಿ ದುಷ್ಟರ ಗುಂಪುಗಳು ಯೆಹೂದ್ಯರ ಮನೆಗಳ ಮೇಲೆ ಬಿದ್ದು ಸುಲಿಗೆ ಹಿಂಸೆಗಳನ್ನು ನಡೆಸಿದಾಗ, ತಮ್ಮವರ ರಕ್ಷಣೆಗೆ ನಿಂತ ತರುಣರಲ್ಲಿ ಹಾಫ್ಕಿನ್ನರೂ ಇದ್ದು ಗಾಯಗೊಂಡರು; ಸೆರೆಮನೆಯನ್ನೂ ಕಂಡರು. ವಿದ್ಯೆಯಲ್ಲಿ ಅವರಿಗೆ ಸಮಾನರು ಕೆಲವರೇ ಇದ್ದರೂ ಪ್ರಾಧ್ಯಾಪಕ ಪದವಿಗೆ ಏರಬೇಕಾದರೆ ಸ್ವಮತವನ್ನು ಬಿಟ್ಟು ಕ್ರೈಸ್ತಮತವನ್ನು ಹೊಂದಬೇಕಾಗಿದ್ದಿತು. ಅದಕ್ಕೆ ಅವರು ಒಪ್ಪಲಿಲ್ಲ. ಪದವಿಯು ದೊರೆಯಲಿಲ್ಲ. ಮತವನ್ನು ಮಾರಿ ಮನ್ನಣೆಯನ್ನು ಕೊಳ್ಳದ ಈ ನಿಷ್ಠೆಯು ಅವರ ಜೀವನದ ಕೊನೆಯವರೆಗೂ ಅಚಲವಾಗಿ ಉಳಿಯಿತು.

1888ರಲ್ಲಿ ಅವರು ಸ್ವದೇಶವನ್ನು ಬಿಟ್ಟು ಜಿನೀವಾಕ್ಕೆ ಹೋದರು. ಮರುವರ್ಷ ಪ್ಯಾರಿಸ್ಸಿಗೆ ಬಂದು ಪಾಸ್ಟರ್ ಮಹಾಶಯರ ಪ್ರಯೋಗಶಾಲೆಯನ್ನು ಸೇರಿದರು. ಅಲ್ಲಿ ದೊರೆತ ಕೆಲಸವು ಗ್ರಂಥಭಂಡಾರಿಯದು. ಪುಸ್ತಕಗಳನ್ನು ಒಪ್ಪವಾಗಿಡುವ ಕೆಲಸ ಮುಗಿದ ಮೇಲೆ ಉಳಿದ ಹೊತ್ತನ್ನೆಲ್ಲ ಅವರು ರೋಗಾಣುಗಳ ಪರೀಕ್ಷೆಗೆ ಮೀಸಲಿಟ್ಟರು. ಆಗ ಕಾಲರಾ ಬೇನೆಯು ಯುರೋಪಿಗೂ ನುಗ್ಗಿ ಜನರನ್ನು ಕೊಲ್ಲುತ್ತಿದ್ದಿತು. ಆ ರೋಗದ ಅಣುಗಳನ್ನು ಪಳಗಿಸಿ, ಅವುಗಳಿಂದಲೇ ರೋಗವನ್ನು ತಡೆಯುವ ಮದ್ದನ್ನು ಹಾಫ್ಕಿನ್ನರು ಸಿದ್ಧಪಡಿಸಿದರು. ಪ್ರಾಣಿಗಳ ಮೇಲೆ ಅದು ಗುಣವನ್ನು ತೋರಿತು. ಮನುಷ್ಯನ ಮೇಲೆ ಮೊದಲು ಪ್ರಯೋಗಿಸುವುದು ಯಾರ ಮೇಲೆ? 1892ರ ಜುಲೈ 18ರಂದು ಅವರು ತಮ್ಮ ಮೈಗೇ ಸೂಜಿಯನ್ನು ಚುಚ್ಚಿಕೊಂಡರು. ಜ್ವರ ಬಂದಿತು, ಇಳಿಯಿತು. ಬಳಿಕ ಮೂವರು ರಷ್ಯನ್ ಸ್ನೇಹಿತರು ತಾವಾಗಿಯೇ ಮುಂದೆ ಬಂದು ಅದನ್ನು ಹಾಕಿಸಿಕೊಂಡರು.

ಕಾಲರಾ ಬೇನೆಗೆ ತವರೆನಿಸಿದುದು ಗಂಗಾನದಿಯ ಬಯಲು. ಆದುದರಿಂದ ಹಾಫ್ಕಿನ್ನರು 1893ರಲ್ಲಿ ಭರತಖಂಡಕ್ಕೆ ಬಂದಿಳಿದರು. ಉತ್ತರ ದೇಶದಲ್ಲಿ ಊರೂರು ತಿರುಗಿ ಸೈನಿಕರಿಗೂ ಪೌರರಿಗೂ ಮದ್ದನ್ನು ಹಾಕಿದರು. ಒಪ್ಪದವರಿಗೆ ಹಾಕಬಾರದೆಂಬುದು ಅವರ ನಿಯಮವಾಗಿದ್ದಿತು. ಈ ನಿಯಮವು ನ್ಯಾಯವಾದುದೇನೋ ಸರಿ. ಆದರೆ ಅದರಿಂದ ಕೆಲಸವು ಬಲು ಕಠಿಣವಾಯಿತು. ಭಾಷೆ ಬಾರದ, ಬಂಧುಬಳಗವಿಲ್ಲದ ಬಿಳಿಯ ಮನುಷ್ಯನೊಬ್ಬನು ಆರೋಗ್ಯವಂತನ ಬಳಿಗೆ ಸೂಜಿಯನ್ನು ಹಿಡಿದು ಬಂದರೆ ಯಾರು ತಾನೇ ತೋಳನ್ನೊಡ್ಡಿಯಾರು?

ಇದಕ್ಕೆ ಉತ್ತರವು ಕಲಕತ್ತೆಯಲ್ಲಿ ದೊರೆಯಿತು. ಆ ನಗರದ ಆರೋಗ್ಯಾಧಿಕಾರಿಗಳಾಗಿದ್ದ ಸಿಂಪ್ಸನ್ ಎಂಬವರು ಹಾಫ್ಕಿನ್ನರನ್ನು ಬಡವರ ಕೇರಿಗಳಿಗೆ ಕರೆದುಕೊಂಡು ಹೋದರು. ಅಲ್ಲಿ ಜನರು ಕುಡಿಯುವುದಕ್ಕೂ ತೊಳೆಯುವುದಕ್ಕೂ ಒಂದೇ ಕೆರೆಯ ನೀರನ್ನು ಬಳಸುತ್ತಿದ್ದರು. ಒಬ್ಬರಿಗೆ ಬಂದ ಬೇನೆಯು ಆ ನೀರಿನ ಮೂಲಕ ಎಲ್ಲರ ಮನೆಗೂ ಹೋಗುತ್ತಿದ್ದಿತು. 1894ರ ಮಾರ್ಚಿಯಲ್ಲಿ ಕಟ್ಟಾಲ್‌ಬಾಗಾನ್ ಎಂಬ ಕೇರಿಯಲ್ಲಿ ಕಾಲರಾ ಕಾಣಿಸಿಕೊಂಡಿತು. ಹಾಫ್ಕಿನ್ನರು ಈ ದೇಶದವರೇ ಆದ ಬಂಗಾಳಿ ವೈದ್ಯರನ್ನು ಜತೆಗೂಡಿಸಿಕೊಂಡು ಅಲ್ಲಿಗೆ ನಡೆದರು. ಜನರ ಭಾಷೆಯಲ್ಲಿ ಜನರೊಡನೆ ಮಾತನಾಡಿದವರು ಆ ವೈದ್ಯರು. ನೆರೆದವರ ಕಣ್ಣೆದುರಿಗೆ ಹಾಫ್ಕಿನ್ನರು ಮೊದಲು ತಾವೇ ಸೂಜಿ ಹಾಕಿಸಿಕೊಂಡರು. ಅದನ್ನು ಕಂಡು ಒಬ್ಬೊಬ್ಬರಾಗಿ ಮುಂದೆ ಬಂದರು. ಸುಮಾರು 200 ಮಂದಿಯಲ್ಲಿ 116 ಮಂದಿ ಮದ್ದನ್ನು ಪಡೆದರು. ಬಳಿಕ ಆ ಕೇರಿಯಲ್ಲಿ ಬೇನೆ ಬಿದ್ದವರೆಲ್ಲರೂ ಸೂಜಿ ಹಾಕಿಸಿಕೊಳ್ಳದೆ ಉಳಿದವರೇ ಆಗಿದ್ದರು. ಈ ಸುದ್ದಿಯು ಕೇರಿಯಿಂದ ಕೇರಿಗೆ ಹಬ್ಬಿತು. ಸರಕಾರದ ಪ್ರಕಟಣೆಯು ಮಾಡಲಾರದ ಕೆಲಸವನ್ನು ನೆರೆಮನೆಯವನ ಬಾಯಿಮಾತು ಮಾಡಿತು.

ಅಸ್ಸಾಮಿನ ಚಹದ ತೋಟಗಳ ಕೂಲಿಕಾರರ ನಡುವೆಯೂ ಅವರು ಕೆಲಸ ಮಾಡಿದರು. 1895ರ ಹೊತ್ತಿಗೆ ಅವರ ಮದ್ದನ್ನು ಪಡೆದವರ ಸಂಖ್ಯೆಯು 40,000ವನ್ನು ಮೀರಿತು. ಆದರೆ ಚಳಿಜ್ವರದಿಂದ ಅವರ ದೇಹವು ಜರ್ಜರಿತವಾಗಲು ಯುರೋಪಿಗೆ ಹಿಂದಿರುಗಬೇಕಾಯಿತು. ಮೈಯಲ್ಲಿ ಕೊಂಚ ಬಲ ಬಂದೊಡನೆಯೇ, 1896ರಲ್ಲಿ, ಪುನಃ ಈ ದೇಶಕ್ಕೆ ಬಂದರು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮುಂಬಯಿಯ ಬಂದರಿನ ಸಮೀಪದ ಕೇರಿಗಳಲ್ಲಿ ಪ್ಲೇಗೆಂಬ ಮಹಾಮಾರಿಯು ಪ್ರಕಟವಾಯಿತು. ಮೊದಲು ಇಲಿಗಳು ಬೀಳುತ್ತಿದ್ದವು, ಬಳಿಕ ಮನುಷ್ಯರು. ಕಂಕುಳಲ್ಲಿ, ತೊಡೆಯ ಸಂದಿನಲ್ಲಿ ಗಡ್ಡೆ ಎದ್ದು, ಜ್ವರವೇರಿ, ಕೆಲವೇ ದಿನಗಳಲ್ಲಿ ಪ್ರಾಣವು ಹೋಗುತ್ತಿದ್ದಿತು. ಲಕ್ಷಾಂತರ ಜನರು ನಗರವನ್ನು ಬಿಟ್ಟು ಓಡಿದರು. ಸರಕಾರವು ಭಯದಿಂದ ಬಲಪ್ರಯೋಗಕ್ಕೆ ಕೈಯಿಕ್ಕಿತು. 1897ರ ಸಾಂಕ್ರಾಮಿಕ ರೋಗಗಳ ಶಾಸನದ ಬಲದಿಂದ ಮನೆಗಳನ್ನು ಶೋಧಿಸುವುದು, ರೋಗಿಗಳನ್ನು ಬಂಧುಗಳಿಂದ ಬಿಡಿಸಿ ಒಯ್ಯುವುದು, ರೈಲುನಿಲ್ದಾಣಗಳಲ್ಲಿ ಪ್ರಯಾಣಿಕರ ಮೈಯನ್ನು ಪರೀಕ್ಷಿಸುವುದು ಮೊದಲಾದುವು ನಡೆದವು. ಸ್ತ್ರೀಯರ ಮಾನಕ್ಕೂ ಸತ್ತವರ ಸಂಸ್ಕಾರಕ್ಕೂ ಭಂಗ ಬಂದಿತೆಂದು ಜನರು ಕುದಿದರು. ಮುಂಬಯಿಯಲ್ಲಿ ಗಿರಣಿಯ ಕೂಲಿಕಾರರು ಆಸ್ಪತ್ರೆಯ ಮೇಲೆ ಕಲ್ಲೆಸೆದರು. ಪುಣೆಯಲ್ಲಿ 1897ರ ಜೂನ್ 22ರ ರಾತ್ರಿ ಪ್ಲೇಗಿನ ಅಧಿಕಾರಿ ರ‍್ಯಾಂಡ್ ಎಂಬವರ ಮೇಲೆ ಗುಂಡು ಹಾರಿಸಲಾಯಿತು. ರೋಗಕ್ಕಿಂತ ರೋಗನಿವಾರಣೆಗೇ ಜನರು ಹೆಚ್ಚಾಗಿ ಹೆದರುವಂತಾದುದು ಆ ಕಾಲದ ದುರ್ದೈವವಾಗಿದ್ದಿತು.

ಇಂತಹ ಸಮಯದಲ್ಲಿ, 1896ರ ಅಕ್ಟೋಬರಿನಲ್ಲಿ, ಹಾಫ್ಕಿನ್ನರನ್ನು ಮುಂಬಯಿಗೆ ಕರೆಸಲಾಯಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅವರಿಗೆ ಕೊಟ್ಟುದು ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು. ಅಷ್ಟರಲ್ಲಿಯೇ ಅವರು ಹಗಲಿರುಳೆನ್ನದೆ ದುಡಿದರು. ಮಾಂಸರಸದ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ಪ್ಲೇಗಿನ ಅಣುಗಳು ಆ ಹನಿಗಳಿಂದ ಬಿಳಲುಗಳಂತೆ ಕೆಳಗಿಳಿದು ಬೆಳೆಯುವುವೆಂಬುದನ್ನು ಅವರು ಕಂಡುಕೊಂಡರು. ವಾರಗಳವರೆಗೆ ಹಾಗೆ ಬೆಳೆಯಿಸಿ, ಕಾಯಿಸಿ ಅಣುಗಳನ್ನು ಕೊಂದು, ಆ ರಸವನ್ನೇ ಮದ್ದನ್ನಾಗಿ ಮಾಡಿದರು. ಹಿಂದುಗಳ ಹಾಗೂ ಮುಸಲ್ಮಾನರ ಮನಸ್ಸು ನೋಯಬಾರದೆಂದು ದನದ ಮತ್ತು ಹಂದಿಯ ಮಾಂಸವನ್ನು ವರ್ಜಿಸಿ ಆಡಿನ ಮಾಂಸದ ರಸವನ್ನು ಉಪಯೋಗಿಸಿದರು. ಮಾಂಸವನ್ನೇ ಮುಟ್ಟದ ಲಿಂಗಾಯತ, ಜೈನ, ಬ್ರಾಹ್ಮಣಾದಿ ಮನೆತನಗಳಿಗೆ ಇದೂ ಸಂಕೋಚದ ವಿಷಯವೇ ಸರಿ. ಆದರೂ ಜನರ ಆಚಾರವನ್ನು ವಿಚಾರಿಸಿ ಮದ್ದನ್ನು ಅದಕ್ಕೆ ಹೊಂದಿಸಲು ಹವಣಿಸಿದ ವಿಜ್ಞಾನಿಗಳು ಆಗ ವಿರಳರಾಗಿದ್ದರು.

1897ರ ಜನವರಿ 10ರಂದು ಅವರು ಪೂರ್ವದಂತೆಯೇ ಮೊದಲು ತಮ್ಮ ಮೈಗೆ ಮದ್ದನ್ನು ಹಾಕಿಸಿಕೊಂಡರು. ಪ್ರಮಾಣವು ಮುಂದೆ ಇತರರಿಗೆ ಕೊಟ್ಟುದಕ್ಕಿಂತ ಬಹಳ ಹೆಚ್ಚಿನದು. ತೀವ್ರವಾದ ಜ್ವರವೂ ನೋವೂ ಬಂದರೂ ಕೆಲಸವನ್ನು ಬಿಡಲಿಲ್ಲ. ಇದು ತಿಳಿದ ಬಳಿಕ ನಗರದ ಗಣ್ಯರು ಕೆಲವರು ಸೂಜಿ ಹಾಕಿಸಿಕೊಂಡರು. ಆ ತಿಂಗಳ ಕೊನೆಗೆ ಬೈಕುಲ್ಲಾ ಸೆರೆಮನೆಯಲ್ಲಿ ಪ್ಲೇಗು ಹುಟ್ಟಲು, ಕೈದಿಗಳಲ್ಲಿ ಒಪ್ಪಿದವರಿಗೆ ಮಾತ್ರ ಮದ್ದನ್ನು ಕೊಡಲಾಯಿತು. ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಒಪ್ಪಿದರು. ಒಂದೇ ಛಾವಣಿ, ಒಂದೇ ಅನ್ನ. ಮದ್ದನ್ನು ಪಡೆಯದವರಲ್ಲಿ 12 ಮಂದಿಗೆ ಬೇನೆ ತಗಲಿ 6 ಮಂದಿ ತೀರಿದರು. ಪಡೆದವರಲ್ಲಿ ಇಬ್ಬರಿಗೆ ಮಾತ್ರ ತಗಲಿತು, ಇಬ್ಬರೂ ಬದುಕಿದರು.

ಮದ್ದಿನ ಗುಣವು ತಿಳಿದುದಾಯಿತು. ಅದನ್ನು ಮನೆಮನೆಗೆ ಮುಟ್ಟಿಸುವುದು ವಿಜ್ಞಾನಿಯೊಬ್ಬನ ಶಕ್ತಿಯನ್ನು ಮೀರಿದ ಕೆಲಸವಾಗಿದ್ದಿತು. ಸೂಜಿಯಿಂದ ಬಂಜೆತನ ಬರುವುದೆಂದೂ, ಜಾತಿ ಕೆಡುವುದೆಂದೂ, ಸರಕಾರವು ಜನರನ್ನು ಕೊಲ್ಲಲೆಂದೇ ಇದನ್ನು ತಂದಿತೆಂದೂ ವದಂತಿಗಳು ಹಬ್ಬಿದ್ದುವು. ಆಗ ಖೋಜಾ ಮುಸಲ್ಮಾನರ ಧರ್ಮಗುರುಗಳಾದ ಮೂರನೆಯ ಆಗಾಖಾನರು ಮುಂದೆ ಬಂದರು. ಅವರು ಹುಟ್ಟಿದುದು 1877ರಲ್ಲಿ. ಇಪ್ಪತ್ತು ವರ್ಷಗಳ ಆಸುಪಾಸಿನ ಆ ತರುಣರು ತಮ್ಮ ಭಕ್ತರ ಸಮ್ಮುಖದಲ್ಲಿ ತಾವೇ ಸೂಜಿ ಹಾಕಿಸಿಕೊಂಡರು. ಒಂದು ಸಲವಲ್ಲ, ಹಲವು ಸಲ. ತಮ್ಮ ಗುರುವಿಗೆ ಏನೂ ಕೇಡಾಗದುದನ್ನು ಕಂಡು ಸಾವಿರಾರು ಖೋಜಾ ಜನರು ತೋಳನ್ನೊಡ್ಡಿದರು. 1898ರಲ್ಲಿ ಆಗಾಖಾನರು ಮುಂಬಯಿಯಲ್ಲಿಯ ತಮ್ಮ ಖುಶ್ರು ಲಾಡ್ಜ್ ಎಂಬ ಮಹಲನ್ನು ಪ್ರಯೋಗಶಾಲೆಗಾಗಿ ಬಿಟ್ಟುಕೊಟ್ಟರು. ಯೆಹೂದ್ಯ ಪಂಡಿತನಿಗೆ ಮುಸಲ್ಮಾನ ಗುರುಗಳು ಆಶ್ರಯವಿತ್ತರು. ಅಲ್ಲಿ ತಯಾರಾದ ಮದ್ದು ಹಿಂದು, ಪಾರಸಿ, ಕ್ರೈಸ್ತರೆಂಬ ಭೇದವಿಲ್ಲದೆ ಎಲ್ಲರ ಮನೆಗೂ ಹೋಯಿತು. ಶಾಸನದ ಬಲದಿಂದ ತೆರೆಯದಿದ್ದ ಬಾಗಿಲುಗಳು ಗುರುವಿನ ಒಂದು ನಡತೆಯಿಂದ ತೆರೆದವು.

ಊರೂರುಗಳಿಂದ ಲೆಕ್ಕಗಳು ಬರತೊಡಗಿದವು. ಪೋರ್ಚುಗೀಸರ ಅಧೀನದಲ್ಲಿದ್ದ ದಮನ್ ಎಂಬ ಊರಿನಲ್ಲಿ 1897ರಲ್ಲಿ ಮದ್ದನ್ನು ಪಡೆದ 2,197 ಮಂದಿಯಲ್ಲಿ 36 ಮಂದಿ ತೀರಿಕೊಂಡರು. ಪಡೆಯದ 6,033 ಮಂದಿಯಲ್ಲಿ 1,482 ಮಂದಿ. 1898ರ ಫೆಬ್ರವರಿಯಲ್ಲಿ ಬಡೋದೆಯ ಸಮೀಪದ ಉಂಢೇರಾ ಎಂಬ ಹಳ್ಳಿಯಲ್ಲಿ ಮನೆಮನೆಗೆ ಹೋಗಿ, ಪ್ರತಿಯೊಂದು ಕುಟುಂಬದಲ್ಲಿಯೂ ಅರ್ಧದಷ್ಟು ಜನರಿಗೆ ಮದ್ದನ್ನು ಹಾಕಲಾಯಿತು. ಆ ಬಳಿಕ ಪ್ಲೇಗು ಹೊಕ್ಕ ಮನೆಗಳಲ್ಲಿ ಮದ್ದನ್ನು ಪಡೆದವರು 71. ಅವರಲ್ಲಿ ಸತ್ತವರು ಮೂವರು. ಪಡೆಯದವರು 64, ಅವರಲ್ಲಿ ಸತ್ತವರು 26. ಒಂದೇ ಒಲೆಯ ಸುತ್ತ ಕುಳಿತು ಉಂಡ ಅಣ್ಣತಮ್ಮಂದಿರಲ್ಲಿ ಒಬ್ಬನು ಉಳಿದು ಒಬ್ಬನು ಅಳಿದುದನ್ನು ಈ ಅಂಕೆಗಳು ತಿಳಿಸುತ್ತವೆ. ಅರ್ಧದಷ್ಟು ಜನರನ್ನು ಹಾಗೆಯೇ ಬಿಟ್ಟುದು ಧರ್ಮವೇ ಎಂಬ ಪ್ರಶ್ನೆಯು ಸಹೃದಯರ ಮನಸ್ಸನ್ನು ಕಾಡದಿರದು. ಮದ್ದಿನ ಗುಣವು ಎಲ್ಲರಿಗೂ ನಿಶ್ಚಯವಾಗದಿದ್ದ ಆ ಕಾಲದಲ್ಲಿ, ಆ 26 ಮಂದಿಯ ಮರಣವು ಮುಂದಿನ ಲಕ್ಷಾಂತರ ಮಂದಿಗೆ ಸಾಕ್ಷಿಯಾಯಿತು. ಆ ಋಣವನ್ನು ಲೋಕವು ಮರೆಯಲಾಗದು.

ಈ ನಡುವೆ ಮಹಾಮಾರಿಯು ರೈಲುದಾರಿಯನ್ನು ಹಿಡಿದು ಕನ್ನಡ ನಾಡನ್ನು ಹೊಕ್ಕಿತು. ಹತ್ತಿಯ ವ್ಯಾಪಾರಕ್ಕೂ ನೇಕಾರಿಕೆಗೂ ಹೆಸರಾಂತ, ದಕ್ಷಿಣ ಮರಾಠಾ ರೈಲಿನ ಕಾರಖಾನೆಯಿದ್ದ ಹುಬ್ಬಳ್ಳಿಯು ಅದಕ್ಕೆ ತುತ್ತಾಯಿತು. ಧಾರವಾಡ, ಗದಗುಗಳಿಗೂ ಬೇನೆ ಹಬ್ಬಿತು. ಇಲಿ ಬಿದ್ದುದು ಕಂಡೊಡನೆ ಜನರು ಊರಿನ ಬಾಗಿಲನ್ನಿಕ್ಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರತೊಡಗಿದರು. 1898ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿಯೂ ಪ್ಲೇಗು ಕಾಣಿಸಿಕೊಂಡಿತು. ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ಸೇನಾವೈದ್ಯರು ಹಾಫ್ಕಿನ್ನರ ಮದ್ದನ್ನು ತರಿಸಿ, 1898ರ ಬೇಸಗೆಯಿಂದ ಮೊದಲ್ಗೊಂಡು ತಿಂಗಳುಗಟ್ಟಲೆ ಊರಿನವರಿಗೆ ಹಾಕಿದರು. ವಾರವಾರವೂ ಮದ್ದನ್ನು ಪಡೆದವರಲ್ಲಿ ಎಷ್ಟು ಮಂದಿ ಸತ್ತರು, ಪಡೆಯದವರಲ್ಲಿ ಎಷ್ಟು ಎಂಬ ಲೆಕ್ಕವನ್ನಿಟ್ಟರು. ಆ ಎರಡು ಸಾಲುಗಳ ಅಂತರವು ಊರಿಗೆಲ್ಲ ಕಾಣುವಂತಿದ್ದಿತು. ಮೊದಲು ಹಿಂಜರಿದವರೂ ಬಂದರು. ಕಡೆಗೆ ಊರಿನಲ್ಲುಳಿದವರ ಬಹುಭಾಗವು ಮದ್ದನ್ನು ಪಡೆಯಿತು. ಇಷ್ಟು ದೊಡ್ಡ ಪಟ್ಟಣವೊಂದು ಇಷ್ಟು ಪೂರ್ಣವಾಗಿ ಈ ಮದ್ದನ್ನು ಸ್ವೀಕರಿಸಿದ ನಿದರ್ಶನವು ಆ ಕಾಲದಲ್ಲಿ ಅಪೂರ್ವವಾದುದು. ಹಾಫ್ಕಿನ್ನರು ಇಂಗ್ಲೆಂಡಿನ ವಿದ್ವತ್ಸಭೆಯಲ್ಲಿ ತಮ್ಮ ಕೆಲಸವನ್ನು ವಿವರಿಸುವಾಗ ಹುಬ್ಬಳ್ಳಿಯ ಲೆಕ್ಕವನ್ನೂ ಮುಂದಿಟ್ಟರು.

1899ರ ಆಗಸ್ಟಿನಲ್ಲಿ ಮುಂಬಯಿಯ ಪರೇಲಿನಲ್ಲಿ ಗವರ್ನರರ ಹಳೆಯ ವಾಸಗೃಹವು ಪ್ಲೇಗ್ ಸಂಶೋಧನಾಲಯವಾಯಿತು. ಹಾಫ್ಕಿನ್ನರು ಅದರ ಮುಖ್ಯಾಧಿಕಾರಿಗಳಾದರು. ಅಲ್ಲಿಂದ ಮದ್ದಿನ ಸೀಸೆಗಳು ದೇಶದ ಮೂಲೆಮೂಲೆಗಳಿಗೂ ಪರದೇಶಗಳಿಗೂ ಲಕ್ಷಾಂತರವಾಗಿ ಹೋದವು. ಕೀರ್ತಿಯು ಶಿಖರವನ್ನು ಮುಟ್ಟಿದ ಆ ಹೊತ್ತಿನಲ್ಲಿಯೇ ಅವರಿಗೆ ಘೋರವಾದ ಅಗ್ನಿಪರೀಕ್ಷೆಯು ಕಾದಿದ್ದಿತು.

1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಮದ್ದನ್ನು ಹಾಕಲಾಯಿತು. ಅವರಲ್ಲಿ ಒಂದೇ ಸೀಸೆಯಿಂದ ಮದ್ದನ್ನು ಪಡೆದ 19 ಮಂದಿಗೆ ಧನುರ್ವಾಯು ತಗಲಿ ಹತ್ತೊಂಬತ್ತು ಮಂದಿಯೂ ಸತ್ತರು. ನಂಬಿ ತೋಳನ್ನೊಡ್ಡಿದ ನಿರಪರಾಧಿಗಳು ಅವರು. ವಿಚಾರಣೆಗೆ ನೇಮಕವಾದ ಮಂಡಲಿಯು ದೋಷವು ಪರೇಲಿನ ಸಂಶೋಧನಾಲಯದಲ್ಲಿಯೇ ಘಟಿಸಿರಬೇಕೆಂದು ಬಗೆಯಿತು. ಮದ್ದನ್ನು ಬೇಗ ಬೇಗನೆ ತಯಾರಿಸಲೋಸುಗ ಹಾಫ್ಕಿನ್ನರು ಪೂರ್ವದ ಕ್ರಮವನ್ನು ಬದಲಿಸಿ ಕಾರ್ಬಾಲಿಕ್ ಆಮ್ಲವನ್ನು ಕೈಬಿಟ್ಟಿದ್ದುದು ಅವರಿಗೆ ಪ್ರತಿಕೂಲವಾಯಿತು. ಅಧಿಕಾರವು ಹೋಯಿತು. 1904ರಲ್ಲಿ ಅವರು ಅಪವಾದವನ್ನು ಹೊತ್ತು ಇಂಗ್ಲೆಂಡಿಗೆ ಹೋದರು. ಪಂಜಾಬಿನಲ್ಲಿ ಸೂಜಿಯೆಂದರೆ ಜನರು ಬೆಚ್ಚುವಂತಾಯಿತು. ವರ್ಷಗಳ ತಪಸ್ಸಿನಿಂದ ಗಳಿಸಿದ ನಂಬಿಕೆಯು ಒಂದು ಸೀಸೆಯಿಂದ ಒಡೆಯಿತು. ಆ ವರ್ಷಗಳಲ್ಲಿಯೇ ಪ್ಲೇಗು ಪಂಜಾಬನ್ನು ಅತ್ಯಂತ ಕ್ರೂರವಾಗಿ ಬಾಧಿಸಿತೆಂಬುದನ್ನು ನೆನೆದರೆ ಆ ನಷ್ಟವು 19 ಜೀವಗಳಿಗೆ ಮುಗಿಯಲಿಲ್ಲವೆಂಬುದು ವ್ಯಕ್ತವಾಗುತ್ತದೆ.

ನಿಜವಾಗಿ ನಡೆದುದೇನು? ಆ ಹಳ್ಳಿಯಲ್ಲಿ ಸೀಸೆಯನ್ನು ತೆರೆಯುವಾಗ ಸಹಾಯಕನೊಬ್ಬನ ಕೈಯಿಂದ ಚಿಮುಟವು ನೆಲಕ್ಕೆ ಬಿದ್ದಿದ್ದಿತು. ಅದನ್ನು ಚೆನ್ನಾಗಿ ಶುದ್ಧಿಗೊಳಿಸದೆ ಪುನಃ ಉಪಯೋಗಿಸಲಾಗಿದ್ದಿತು. ಮಣ್ಣಿನಲ್ಲಿರುವ ಧನುರ್ವಾಯುವಿನ ಬೀಜವು ಸೀಸೆಯನ್ನು ಸೇರಲು ಅಷ್ಟೇ ಸಾಕು. ಪ್ರಯೋಗಶಾಲೆಯಲ್ಲಿಯೇ ಕೆಟ್ಟುದಾಗಿದ್ದರೆ ಅಷ್ಟು ದಿನ ಮುಚ್ಚಿಟ್ಟಿದ್ದ ಸೀಸೆಯು ತೆರೆದಾಗ ದುರ್ವಾಸನೆಯನ್ನು ಬೀರಬೇಕಾಗಿದ್ದಿತು. ಈ ವಾದವನ್ನು ಎತ್ತಿಹಿಡಿದು, ಮಲೇರಿಯಾ ರೋಗದ ಸಂಚಾರಮಾರ್ಗವನ್ನು ಕಂಡುಹಿಡಿದ ರೊನಾಲ್ಡ್ ರಾಸ್ ಮೊದಲಾದ ವಿದ್ವಾಂಸರು 1907ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಹಾಫ್ಕಿನ್ನರ ಪರವಾಗಿ ಬರೆದರು. ಅದೇ ವರ್ಷದ ನವೆಂಬರಿನಲ್ಲಿ ಅಪವಾದವು ನೀಗಿ ಅವರಿಗೆ ಪುನಃ ಕೆಲಸವು ದೊರೆಯಿತು. ಆದರೆ ತಾವು ಕಟ್ಟಿ ಬೆಳೆಯಿಸಿದ ಪರೇಲಿನಲ್ಲಿ ಅಲ್ಲ, ಕಲಕತ್ತೆಯಲ್ಲಿ. ಅಲ್ಲಿ ಅವರು ತುಂಬ ಶಾಂತರಾಗಿ ಉಳಿದ ಸೇವಾಕಾಲವನ್ನು ಕಳೆದರು. ಸುಮಾರು 55ನೆಯ ವಯಸ್ಸಿನಲ್ಲಿ ನಿವೃತ್ತರಾಗಿ ಯುರೋಪಿಗೆ ತೆರಳಿದರು.

ಹಾಫ್ಕಿನ್ನರು ಮದುವೆಯಾಗಲಿಲ್ಲ. ಕೊನೆಯ ವರ್ಷಗಳಲ್ಲಿ ಸ್ವಮತದ ಆಚಾರಗಳನ್ನು ಶ್ರದ್ಧೆಯಿಂದ ಪಾಲಿಸುತ್ತ, ತಮ್ಮ ಸಂಪತ್ತನ್ನು ಯೆಹೂದ್ಯ ಧರ್ಮಪಾಠಶಾಲೆಗಳ ಪೋಷಣೆಗೆ ಮುಡಿಪಾಗಿಟ್ಟರು. 1925ರಲ್ಲಿ ಪರೇಲಿನ ಸಂಶೋಧನಾಲಯಕ್ಕೆ ಹಾಫ್ಕಿನ್ ಸಂಸ್ಥೆಯೆಂದು ನಾಮಕರಣವಾಯಿತು. ಯಾವ ಮನೆಯಿಂದ ಅವರು ಅಪವಾದವನ್ನು ಹೊತ್ತು ಹೊರಟಿದ್ದರೋ ಆ ಮನೆಯು ಅವರ ಹೆಸರನ್ನೇ ಧರಿಸಿತು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಅವರು ದೇಹವನ್ನು ಬಿಟ್ಟರು. 1964ರಲ್ಲಿ ಭಾರತ ಸರಕಾರವು ಅವರ ಭಾವಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

ಹಾಫ್ಕಿನ್ನರ ಮದ್ದು ಪ್ಲೇಗನ್ನು ಪೂರ್ಣವಾಗಿ ತಡೆಯುವಂತಹುದಾಗಿರಲಿಲ್ಲ. ರೋಗದ ಭಯವನ್ನೂ ಮರಣವನ್ನೂ ಬಹುವಾಗಿ ತಗ್ಗಿಸುವಂತಹುದಾಗಿದ್ದಿತು. ಇಲಿಯ ಮೈಮೇಲಣ ಚಿಗಟದಿಂದ ಈ ಬೇನೆ ಹರಡುವುದೆಂಬ ಸತ್ಯವು ಸ್ಥಿರಪಟ್ಟ ಮೇಲೆ, ಮತ್ತು ಹೊಸ ಔಷಧಗಳು ಬಂದ ಮೇಲೆ, ಆ ಮದ್ದಿನ ಉಪಯೋಗವು ಕಡಿಮೆಯಾಯಿತು. ಭರತಖಂಡದಲ್ಲಿ ಒಂದು ಕೋಟಿಗೂ ಮಿಕ್ಕ ಜೀವಗಳನ್ನು ಬಲಿಗೊಂಡ ಆ ಮಾರಿಯ ಹೆಸರನ್ನು ಇಂದಿನ ಮಕ್ಕಳು ಪುಸ್ತಕದಲ್ಲಿ ಮಾತ್ರ ಓದುತ್ತಾರೆ. ಆದರೆ ಹಾಫ್ಕಿನ್ನರ ಚರಿತ್ರೆಯು ಕಲಿಸುವ ಪಾಠವು ಹಳತಾಗಿಲ್ಲ. ಔಷಧವು ಎಷ್ಟೇ ಉತ್ತಮವಾಗಿರಲಿ, ಅದು ಜನರನ್ನು ಮುಟ್ಟುವುದು ಜನರಿಗೆ ಬೇಕಾದವರ ಕೈಯಿಂದ. ಕಲಕತ್ತೆಯಲ್ಲಿ ಬಂಗಾಳಿ ವೈದ್ಯರು, ಮುಂಬಯಿಯಲ್ಲಿ ಖೋಜಾ ಗುರುಗಳು, ಹುಬ್ಬಳ್ಳಿಯಲ್ಲಿ ಮದ್ದನ್ನು ಪಡೆದು ಬದುಕಿದ ನೆರೆಹೊರೆಯವರು, ಇವರೆಲ್ಲರೂ ಸೇರದಿದ್ದರೆ ಆ ಸೀಸೆಗಳು ಪರೇಲಿನ ಕಪಾಟುಗಳಲ್ಲಿಯೇ ಉಳಿಯುತ್ತಿದ್ದುವು.

ಕಾಯಕವು ಒಬ್ಬನಿಂದ ನಡೆದೀತು. ದಾಸೋಹಕ್ಕೆ ಊರೇ ಕೂಡಬೇಕು. ಭಕ್ತರ ಮನೆಗಳ ಒಳಬಾಗಿಲವರೆಗೂ ಸಲುಗೆಯುಳ್ಳ ಮಠಗಳಿಗೆ ಈ ವಿಷಯದಲ್ಲಿ ವಿಶೇಷವಾದ ಹೊಣೆಯುಂಟು. ಊರಿಗೆ ಬೇನೆ ಬಂದಾಗ ಮಠದ ಜಗಲಿಯಲ್ಲಿ ವೈದ್ಯನಿಗೆ ಸ್ಥಳವಿರಬೇಕು. ಮೊದಲು ಚಾಚಿದ ತೋಳು ಗುರುವಿನದಾಗಬೇಕು. ಹಾಗೆಯೇ, ಒಂದು ಚಿಮುಟದ ಅಶುದ್ಧಿಯಿಂದ ಹತ್ತೊಂಬತ್ತು ಮನೆಗಳ ದೀಪವಾರಿದುದನ್ನು ನೆನೆದು, ಜನರ ನಂಬಿಕೆಯನ್ನು ಹೊತ್ತವರು ಸಣ್ಣ ಕೆಲಸದಲ್ಲಿಯೂ ಅನವಧಾನವನ್ನು ಸಹಿಸಬಾರದು. ಪರದೇಶದಲ್ಲಿ ಹುಟ್ಟಿ, ಪರಮತದಲ್ಲಿ ಬೆಳೆದು, ಈ ನಾಡಿನ ಜನರಿಗಾಗಿ ತಮ್ಮ ದೇಹವನ್ನೇ ಒರೆಗಲ್ಲಾಗಿ ಮಾಡಿಕೊಂಡ ಹಾಫ್ಕಿನ್ ಮಹಾಶಯರ ಸ್ಮರಣೆಯು ಶಿವಭಕ್ತರ ಮನೆಗಳಲ್ಲಿಯೂ ಕೃತಜ್ಞತೆಯಿಂದ ನಿಲ್ಲಲಿ.